ದಿನದ ಮನ್ನಾ: ಕ್ಷಮೆ ಬೇಡುವವರಿಗೂ ಕೊಡಬೇಕಾದವರಿಗೂ ತೋಟದ ರೈಟರನೊಬ್ಬನ ಕೈಪಿಡಿ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನು 27 ವರ್ಷ ರೈಟರ್ ಆಗಿದ್ದೆ. ಹೊರಗಿನವರಿಗೆ ತಿಳಿಯಲೆಂದು ಹೇಳುತ್ತೇನೆ, ತೋಟದ ರೈಟರ್ ಕಥೆ ಬರೆಯುವವನಲ್ಲ, ಚೆಕ್‌ರೋಲ್ ಬರೆಯುವವನು. ಯಾರು ಎಷ್ಟು ದಿನ ಕೆಲಸಕ್ಕೆ ಬಂದರು, ಯಾರು ಎಷ್ಟು ಮುಂಗಡ ಪಡೆದರು, ಬಟವಾಡೆಯ ದಿನ ಎಷ್ಟು ಮುರಿದುಕೊಳ್ಳಬೇಕು, ಇಷ್ಟೇ ನನ್ನ ವಿದ್ಯೆ. ಹಾಗಾಗಿ ಕ್ಷಮೆಯ ಮಾತು ಬಂದರೆ ನನಗೆ ಮೊದಲು ಕಣ್ಣಿಗೆ ಕಟ್ಟುವುದು ಮುಂಗಡದ ಪುಸ್ತಕ.

ಇದು ನನ್ನ ಉದ್ಯೋಗದ ಚಾಳಿ ಎಂದುಕೊಂಡಿದ್ದೆ. ಆಮೇಲೆ ಚರ್ಚಿನ ಗುರುಗಳೊಬ್ಬರು ತಿಳಿಸಿದರು: ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ ನಾವು ‘ತಪ್ಪು’ ಎಂದು ಹೇಳುವ ಕಡೆ ಮೂಲ ಗ್ರೀಕಿನಲ್ಲಿರುವ ಪದಕ್ಕೆ ‘ಸಾಲ’ ಎಂದೇ ಅರ್ಥ. ಕ್ಷಮಿಸು ಎನ್ನುವುದಕ್ಕೆ ಅಲ್ಲಿರುವ ಕ್ರಿಯಾಪದದ ಅರ್ಥ ಬಿಟ್ಟುಬಿಡು, ಹೋಗಗೊಡು. ಸಾಲವನ್ನು ಬಿಟ್ಟುಬಿಡುವುದಕ್ಕೆ ಹಾಸನ, ಚಿಕ್ಕಮಗಳೂರಿನ ಯಾವ ರೈತನನ್ನು ಕೇಳಿದರೂ ಒಂದೇ ಪದ ಹೇಳುತ್ತಾನೆ: ಮನ್ನಾ.

ನಮ್ಮ ಬೈಬಲಿನಲ್ಲಿ ಇನ್ನೊಂದು ಮನ್ನಾ ಇದೆ. ವಿಮೋಚನಾಕಾಂಡದ 16ನೆಯ ಅಧ್ಯಾಯದಲ್ಲಿ ಮರುಭೂಮಿಯ ಜನರಿಗೆ ಬೆಳಗಿನ ಇಬ್ಬನಿಯ ಜೊತೆ ಸಿಗುತ್ತಿದ್ದ ಆಹಾರ ಅದು. ಅಂದಂದಿಗೆ ಬೇಕಾದಷ್ಟನ್ನು ಅಂದಂದೇ ಆರಿಸಿಕೊಳ್ಳಬೇಕಿತ್ತು. ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಹಿಂದಿನ ದಿನ ಬಿಟ್ಟರೆ ಬೇರೆ ಯಾವ ದಿನ ನಾಳೆಗೆಂದು ಎತ್ತಿಟ್ಟರೂ ಹುಳು ಬಿದ್ದು ನಾರುತ್ತಿತ್ತು. ಎರಡೂ ಬೇರೆ ಬೇರೆ ಪದಗಳು, ಕನ್ನಡದ ಕಿವಿಗೆ ಮಾತ್ರ ಒಂದೇ. ಆದರೆ ಅದೇ ಪ್ರಾರ್ಥನೆಯಲ್ಲಿ ದಿನದ ಆಹಾರದ ಸಾಲೂ ಸಾಲ ಮನ್ನಾದ ಸಾಲೂ ಒಂದರ ಬೆನ್ನಿಗೆ ಒಂದು ಬರುತ್ತವೆ. ನನಗೆ ಹೇಳಬೇಕಾಗಿರುವುದು ಇಷ್ಟೆ. ಈ ಮನ್ನಾ ಕೂಡ ದಿನದ್ದು, ನಿನ್ನೆಯದು ಇವತ್ತಿಗೆ ಆಗುವುದಿಲ್ಲ. ಅಣ್ಣನೊಡನೆ ಮಾತುಬಿಟ್ಟು 11 ವರ್ಷ ಕಳೆದ ಮೇಲೆ ನಾನು ಇದನ್ನು ಕಲಿತೆ. ಕಲಿತ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು ಲೆಕ್ಕ ಬರೆಯಿರಿ

ಎರಡು ರೂಲು ಎಳೆದ ಒಂದು ನೋಟ್‌ಬುಕ್ ಸಾಕು. ಬಲಗಡೆ, ಯಾರು ನಿಮಗೆ ಏನು ಮಾಡಿದರು. ಎಡಗಡೆ, ನೀವು ಯಾರಿಗೆ ಏನು ಮಾಡಿದಿರಿ. ಬಲಗಡೆಯ ಪುಟ ಅರ್ಧ ಗಂಟೆಯಲ್ಲಿ ತುಂಬುತ್ತದೆ, ಅದರ ಬಗ್ಗೆ ಚಿಂತೆ ಬೇಡ. ಎಡಗಡೆಗೆ ಒಂದು ವಾರ ಕೊಡಿ.

‘ನಾನು ಮಹಾಪಾಪಿ’ ಎಂದು ಬರೆಯಬೇಡಿ. ಅದು ಲೆಕ್ಕವಲ್ಲ, ಲೆಕ್ಕದಿಂದ ತಪ್ಪಿಸಿಕೊಳ್ಳುವ ದಾರಿ. ಯಾರಿಗೆ, ಯಾವಾಗ, ಏನು ಎಂದು ಬರೆಯಿರಿ. ಹತ್ತು ಆಜ್ಞೆಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು ನೋಡುವುದು ಹಳೆಯ ಪದ್ಧತಿ, ಈಗಲೂ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಅರೇಬಿಕಾ ಬೆಳೆಯುವವರಿಗೆ ಬಿಳಿ ಕಾಂಡಕೊರಕದ ಕಾಟ ಗೊತ್ತು. ಹುಳು ಒಳಗಿರುತ್ತದೆ, ಗಿಡ ಹೊರಗಿನಿಂದ ಹಸಿರಾಗಿಯೇ ಕಾಣುತ್ತದೆ. ಎಲೆ ಬಾಡಿದ ಮೇಲೆ ನೋಡಿದರೆ ತಡವಾಯಿತು. ಅದಕ್ಕೇ ದುಂಬಿ ಹಾರುವ ಕಾಲಕ್ಕೆ ಮುಂಚೆ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಗಿಡಗಿಡದ ಬುಡದಲ್ಲಿ ಬಗ್ಗಿ ತೊಗಟೆಯ ಮೇಲಿನ ಉಬ್ಬುಗೆರೆ ಹುಡುಕುತ್ತೇವೆ. ಎಡಗಡೆಯ ಪುಟ ಬರೆಯುವುದು ಆ ಕೆಲಸ. ಸೊಂಟ ನೋಯುತ್ತದೆ.

ನನ್ನ ಬಲಗಡೆಯಲ್ಲಿ ಒಂದೇ ದೊಡ್ಡ ಬಾಬತ್ತು ಇತ್ತು. ಅಪ್ಪ ತೀರಿಕೊಂಡ ಮೇಲೆ ಪಾಲಾದಾಗ ರಸ್ತೆ ಪಕ್ಕದ ಜಮೀನೂ ಬಾವಿಯೂ ಅಣ್ಣನ ಪಾಲಿಗೆ ಹೋದವು. ಕಾಗದಕ್ಕೆ ಸಹಿ ಹಾಕುವಾಗ ನನಗೆ ಹೇಳಿದ್ದೇ ಬೇರೆ. ಎಡಗಡೆಯ ಪುಟ ಮೂರು ದಿನ ಖಾಲಿ ಇತ್ತು. ನಾಲ್ಕನೆಯ ದಿನ ಒಂದು ಸಾಲು ಬಂತು. ಅಪ್ಪನ ಆಸ್ಪತ್ರೆ ಖರ್ಚಿಗೆ ಅಣ್ಣ ಒಂದು ರೂಪಾಯಿ ಬಿಚ್ಚಲಿಲ್ಲ ಎಂದು ನಾನು ಒಂದು ಮದುವೆ ಊಟದ ಪಂಕ್ತಿಯಲ್ಲಿ ನಾಲ್ಕು ಜನರಿಗೆ ಕೇಳುವಂತೆ ಹೇಳಿದ್ದೆ. ಅತ್ತಿಗೆಯ ಸರ ಅಡವಿಟ್ಟು ಅವನು ಹಣ ಕಟ್ಟಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದೆ.

ಮೊತ್ತ ನೋಡಿ

ಮತ್ತಾಯನ 18ನೆಯ ಅಧ್ಯಾಯದ ಕೊನೆಯ ಭಾಗವನ್ನು ಈಗ ಓದಿ, ಮುಂಚೆ ಓದಬೇಡಿ. ಒಬ್ಬ ಸೇವಕ ರಾಜನಿಗೆ ಹತ್ತು ಸಾವಿರ ತಲಾಂತು ಸಾಲಗಾರ. ರಾಜ ಅದನ್ನು ಮನ್ನಾ ಮಾಡುತ್ತಾನೆ. ಸೇವಕ ಹೊರಗೆ ಬಂದವನೇ ತನಗೆ ನೂರು ದೆನಾರಿ ಕೊಡಬೇಕಾದ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ.

ಈ ಸಾಮತಿಯನ್ನು, ಅಂದರೆ ದೃಷ್ಟಾಂತ ಕಥೆಯನ್ನು, ಚಿಕ್ಕಂದಿನಿಂದ ಕೇಳಿದ್ದೆ, ಲೆಕ್ಕ ಹಾಕಿರಲಿಲ್ಲ. ಒಂದು ದೆನಾರಿ ಎಂದರೆ ಒಬ್ಬ ಆಳಿನ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ದೆನಾರಿ. ಹತ್ತು ಸಾವಿರ ತಲಾಂತು ಎಂದರೆ ಆರು ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ಕೆಲಸ ಹಿಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು. ಅಷ್ಟು ಮುಂಗಡವನ್ನು ಯಾವ ರೈಟರ್ ಬರೆದುಕೊಟ್ಟಾನು? ಯೇಸುಸ್ವಾಮಿ ಬೇಕೆಂದೇ ನಗು ಬರುವಷ್ಟು ದೊಡ್ಡ ಮೊತ್ತ ಹೇಳಿದ್ದಾರೆ.

ಚರ್ಚಿನ ಪ್ರಸಂಗಗಳಲ್ಲಿ ಇಲ್ಲಿಗೆ ನಿಲ್ಲಿಸುತ್ತಾರೆ. ನನ್ನ ಕಣ್ಣು ಹೋದದ್ದು ಆ ನೂರು ದೆನಾರಿಯ ಕಡೆಗೆ. ನೂರು ದಿನದ ಕೂಲಿ ಚಿಲ್ಲರೆ ಕಾಸಲ್ಲ. ನಮ್ಮ ಕಡೆ ಅದು ಹೆಚ್ಚುಕಡಿಮೆ ಒಂದು ಹಣ್ಣು ಕೊಯ್ಲಿನ ಕಾಲದ ಇಡೀ ಸಂಪಾದನೆ. ತೋಟದ ಆಳುಗಳ ಒಂದು ಲೈನ್ ಮನೆಯ ಸಂಸಾರ ಅದರ ಮೇಲೆ ನಿಂತಿರುತ್ತದೆ. ನಿಮಗಾದ ಅನ್ಯಾಯ ಏನೂ ಅಲ್ಲ ಎಂದು ಈ ಸಾಮತಿ ಹೇಳುವುದಿಲ್ಲ. ನೂರು ದಿನ ಎಂದೇ ಬರೆದುಕೊಳ್ಳುತ್ತದೆ, ಒಂದು ದಿನವನ್ನೂ ಕಡಿಮೆ ಮಾಡುವುದಿಲ್ಲ. ‘ಮರೆತುಬಿಡು, ದೊಡ್ಡದೇನಲ್ಲ’ ಎಂದು ಸಮಾಧಾನ ಹೇಳಲು ಬಂದವರಿಗೆ ಈ ಅಂಕಿ ತೋರಿಸಿ. ಮೊತ್ತ ಗೊತ್ತಿಲ್ಲದೆ ಸಾಲ ಮನ್ನಾ ಮಾಡಲು ಬರುವುದಿಲ್ಲ.

ಹೊತ್ತು ಗೊತ್ತು ಮಾಡಿ

ಹಟದ ಪ್ರಾರ್ಥನೆ ಎಂದರೆ ಗಂಟೆಗಟ್ಟಲೆ ಕೂಗುವುದೆಂದು ತಿಳಿದವರಿದ್ದಾರೆ. ಬೆಳಗ್ಗೆ ಹದಿನೈದು ನಿಮಿಷ ಸಾಕು, ಆದರೆ ಪ್ರತಿದಿನ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ಮಾತು ಸಿಗದಿದ್ದರೆ ಬೈಬಲಿನ ಕೀರ್ತನೆಗಳಿವೆ. ಪಶ್ಚಾತ್ತಾಪದ ಕೀರ್ತನೆಗಳೆಂದು ಧರ್ಮಸಭೆ ಹಿಂದಿನಿಂದ ಏಳನ್ನು ಗುರುತಿಸಿದೆ: 6, 32, 38, 51, 102, 130, 143. ವಾರಕ್ಕೆ ಏಳು ದಿನ, ದಿನಕ್ಕೊಂದು. ತಿಂಗಳಿಗೆ ನಾಲ್ಕು ಸುತ್ತು ಬರುತ್ತದೆ. ಮೌನವಾಗಿ ಓದಬೇಡಿ, ನಿಮ್ಮ ಕಿವಿಗೆ ಬೀಳುವಷ್ಟಾದರೂ ದನಿ ಇರಲಿ. ಓದಿದ ಮೇಲೆ ನೋಟ್‌ಬುಕ್ಕಿನ ಒಂದೇ ಸಾಲು ತೆಗೆದುಕೊಂಡು ಹೇಳಿ: ಎಡಗಡೆಯದಾದರೆ ‘ಮನ್ನಾ ಮಾಡು’, ಬಲಗಡೆಯದಾದರೆ ‘ಮನ್ನಾ ಮಾಡುತ್ತೇನೆ’. ಎರಡನೆಯದು ಮೊದಮೊದಲು ಸುಳ್ಳಾಗಿರುತ್ತದೆ. ಇರಲಿ. 19ನೆಯ ದಿನ ನಾನು ಆ ಮಾತು ಹೇಳಲು ಬಾಯಿ ತೆರೆದು ಅಣ್ಣನಿಗೆ ಒಂದು ಬೈಗುಳ ಬೈದೆ. ಅಂದು ಓದಿದ್ದ ಕೀರ್ತನೆಗಿಂತ ಅದರಲ್ಲಿ ಪ್ರಾಮಾಣಿಕತೆ ಹೆಚ್ಚಿತ್ತು.

ಲೂಕನ 18ನೆಯ ಅಧ್ಯಾಯದ ವಿಧವೆಯ ಕಥೆಯನ್ನು ತಪ್ಪು ತಿಳಿಯುವುದು ಸುಲಭ. ದೇವರಿಗೂ ಮನುಷ್ಯರಿಗೂ ಹೆದರದ ನ್ಯಾಯಾಧೀಶನ ಬಾಗಿಲಿಗೆ ಅವಳು ಮತ್ತೆ ಮತ್ತೆ ಬರುತ್ತಾಳೆ. ಇವಳ ಕಾಟ ತಾಳಲಾರೆ ಎಂದು ಕೊನೆಗೆ ಅವನು ನ್ಯಾಯ ಕೊಡುತ್ತಾನೆ. ಅವನ ಬಾಯಲ್ಲಿರುವ ಗ್ರೀಕ್ ಪದಕ್ಕೆ ಕಣ್ಣಿನ ಕೆಳಗೆ ಗುದ್ದುವುದು ಎಂದು ಮೂಲ ಅರ್ಥವಂತೆ. ತಾಲ್ಲೂಕು ಕಚೇರಿಗೆ ಅಲೆದವರಿಗೆ ಆ ಹೆಂಗಸಿನ ಸ್ಥಿತಿ ವಿವರಿಸಬೇಕಾಗಿಲ್ಲ. ಆದರೆ ಯೇಸುಸ್ವಾಮಿ ದೇವರನ್ನು ಆ ನ್ಯಾಯಾಧೀಶನಿಗೆ ಹೋಲಿಸುವುದಿಲ್ಲ, ಅವನಿಗೆ ವಿರುದ್ಧವಾಗಿ ನಿಲ್ಲಿಸುತ್ತಾರೆ. ಅಂಥವನೇ ಕೊನೆಗೆ ಕೇಳಿದ ಮೇಲೆ ತಂದೆ ಕೇಳುವುದಿಲ್ಲವೇ ಎಂಬುದು ಅಲ್ಲಿಯ ವಾದ. ಹಾಗಾದರೆ ದಿನವೂ ಬಾಗಿಲು ತಟ್ಟುವುದೇಕೆ? ನನಗೆ ಕಂಡ ಉತ್ತರ: ಬಾಗಿಲು ಆ ಕಡೆಯಿಂದ ಹಾಕಿರಲಿಲ್ಲ, ನಾನೇ ಅಲ್ಲಿಂದ ದಿನವೂ ಎದ್ದು ಹೋಗುತ್ತಿದ್ದೆ.

ಏನೂ ಅನ್ನಿಸದ ದಿನಗಳು ಬರುತ್ತವೆ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ಮಾತ್ರಕ್ಕೆ ಫಸಲು ಕೈಗೆ ಬರುವುದಿಲ್ಲ, ಬೆನ್ನಿಗೆ ಇನ್ನೊಂದು ಮಳೆ ಬೇಕೆಂದು ಬೆಳೆಗಾರರಿಗೆ ಗೊತ್ತಿದೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಧ್ಯಾನಕೂಟದಲ್ಲಿ ಅತ್ತು ಹಗುರಾಗಿ ಬಂದವರು ಆ ಎರಡನೆಯ ಮಳೆಯ ವಿಷಯ ಮರೆಯುತ್ತಾರೆ. ತೀರಾ ಕತ್ತಲಾದ ದಿನಕ್ಕೆ 88ನೆಯ ಕೀರ್ತನೆ ಇದೆ. ಅದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದನ್ನು ಬೈಬಲಿನಲ್ಲಿ ಉಳಿಸಿಕೊಂಡಿದ್ದಾರೆ.

ಜಾಗದ ಬಗ್ಗೆ ಒಂದು ಮಾತು. ಹಾಸನದ ಹತ್ತಿರದ ಶೆಟ್ಟಿಹಳ್ಳಿಯ ಹಳೆಯ ಚರ್ಚಿನಲ್ಲಿ ಕುಳಿತು ಪ್ರಾರ್ಥಿಸಬೇಕೆಂದು ಕೆಲವರು ಹೊರಡುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಜನ ಎದ್ದು ಹೋದರು, ಕಟ್ಟಡ ಉಳಿಯಿತು. ಮಳೆಗಾಲದಲ್ಲಿ ಹಿನ್ನೀರು ಅದರೊಳಗೆ ಬರುತ್ತದೆ, ಬೇಸಿಗೆಯಲ್ಲಿ ಸುತ್ತ ಬಯಲು. ನೋಡಲು ಹೋಗಿ. ಪ್ರಾರ್ಥನೆಗೆಂದು ಹೋದರೆ ಮದುವೆ ಜೋಡಿಗಳ ಫೋಟೋ ತೆಗೆಯುವವರು ‘ಸ್ವಲ್ಪ ಪಕ್ಕಕ್ಕೆ ಸರಿಯಿರಿ’ ಎನ್ನುತ್ತಾರೆ. ಗೋಡೆಗಳೂ ಶಿಥಿಲವಾಗಿವೆ. ನಿಮ್ಮ ಅಡುಗೆಮನೆಯ ಮಣೆಯೇ ಒಳ್ಳೆಯದು.

ಒಬ್ಬರ ಮುಂದೆ ಬಾಯಿಬಿಟ್ಟು ಹೇಳಿ

ನೋಟ್‌ಬುಕ್ಕಿಗೆ ನಾಚಿಕೆ ಇಲ್ಲ, ಅದೇ ಅದರ ಕೊರತೆ. ಎಡಗಡೆಯ ಪುಟವನ್ನು ಇನ್ನೊಂದು ಜೀವದ ಮುಂದೆ ಹೇಳಬೇಕು.

ಕಥೋಲಿಕರಿಗೆ ಗುರುಗಳ ಮುಂದೆ ಪಾಪ ಹೇಳಿಕೊಳ್ಳುವ ಪಾಪನಿವೇದನೆಯ ಸಂಸ್ಕಾರವಿದೆ. 1963ರಲ್ಲಿ ಆದ ಚಿಕ್ಕಮಗಳೂರು ಧರ್ಮಪ್ರಾಂತ್ಯದಲ್ಲೇ ಹಾಸನ ಜಿಲ್ಲೆಯೂ ಸೇರಿದೆ. ಬಲಿಪೂಜೆಗೆ, ಅಂದರೆ ಚರ್ಚಿನ ಮುಖ್ಯ ಆರಾಧನೆಗೆ, ಮುಂಚೆ ಗುರುಗಳು ನಿವೇದನೆ ಕೇಳುವುದು ಸಾಮಾನ್ಯ, ಆ ಗಡಿಬಿಡಿ ಬೇಡವಾದರೆ ಗುರುಗಳನ್ನು ಕೇಳಿ ಬೇರೆ ಸಮಯ ಪಡೆಯಿರಿ. ವರ್ಷಗಟ್ಟಲೆ ಹೋಗಿಲ್ಲದಿದ್ದರೆ ಮೊದಲ ವಾಕ್ಯವೇ ಅದಾಗಲಿ: ‘ಸ್ವಾಮಿ, ನಾನು ಬಂದು ಇಷ್ಟು ವರ್ಷವಾಯಿತು, ಕ್ರಮ ಮರೆತಿದ್ದೇನೆ.’ ಉಳಿದದ್ದನ್ನು ಅವರು ನಡೆಸಿಕೊಡುತ್ತಾರೆ. ಭಾಷೆ ಕನ್ನಡವೋ ಕೊಂಕಣಿಯೋ ತಮಿಳೋ, ನಿಮಗೆ ಬೈಗುಳ ಯಾವುದರಲ್ಲಿ ಬರುತ್ತದೋ ಅದರಲ್ಲಿ ಹೇಳಿ. ಕಥೆ ಬೇಡ, ಅಣ್ಣ ಏನು ಮಾಡಿದ ಎಂಬುದು ಬೇಡವೇ ಬೇಡ. ಅದು ಅವನ ನಿವೇದನೆ.

ಊರಿನಲ್ಲೆಲ್ಲ ಗೊತ್ತಾದರೆ ಎಂಬ ಭಯ ಸಣ್ಣ ಊರಿನವರಿಗೆ ಹೆಚ್ಚು. ಧರ್ಮಸಭೆಯ ಕಾನೂನಿನ 983ನೆಯ ನಿಯಮದ ಪ್ರಕಾರ ನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಯಾರಿಗೂ ಹೇಳುವಂತಿಲ್ಲ. ನೇರವಾಗಿ ಬಯಲು ಮಾಡಿದವರಿಗೆ ಬಹಿಷ್ಕಾರವೇ ಶಿಕ್ಷೆ. ಆದರೂ ಗುರುತಿನವರ ಮುಂದೆ ಆಗುವುದಿಲ್ಲ ಎನ್ನುವವರು ಪಕ್ಕದ ಊರಿಗೆ ಬಸ್ ಹತ್ತಲಿ. ನಾನು ಹಾಗೇ ಮಾಡಿದ್ದು.

ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮತ್ತಿತರ ಸಭೆಗಳವರು ಆರಾಧನೆಯಲ್ಲಿ ಎಲ್ಲರ ಜೊತೆ ಪಾಪವನ್ನು ಅರಿಕೆ ಮಾಡುತ್ತಾರೆ. ಅದರ ಜೊತೆಗೆ ಸಭಾಪಾಲಕರನ್ನೋ ನಂಬಿಕೆಯ ಹಿರಿಯರೊಬ್ಬರನ್ನೋ ಆರಿಸಿಕೊಳ್ಳಬಹುದು. ಒಬ್ಬರಿಗೊಬ್ಬರು ಪಾಪಗಳನ್ನು ಒಪ್ಪಿಕೊಳ್ಳಿ ಎಂದು ಯಕೋಬನ ಪತ್ರದ ಐದನೆಯ ಅಧ್ಯಾಯ ಎಲ್ಲರಿಗೂ ಹೇಳಿದೆ. ಆದರೆ ಆರಿಸುವಾಗ ಒಂದು ಪರೀಕ್ಷೆ ಮಾಡಿ. ಬೇರೆಯವರ ವಿಷಯವನ್ನು ನಿಮ್ಮ ಬಳಿ ಆಡುವವರು ನಿಮ್ಮದನ್ನೂ ಬೇರೆಡೆ ಆಡುತ್ತಾರೆ.

ಹೋಗಿ ಬಾಗಿಲ ಮುಂದೆ ನಿಲ್ಲಿ

ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗು ಎಂದು ಮತ್ತಾಯನ ಐದನೆಯ ಅಧ್ಯಾಯದಲ್ಲಿದೆ. ಅಲ್ಲಿ ಒಂದು ಸೂಕ್ಷ್ಮವಿದೆ. ನಿನಗೆ ಅವನ ಮೇಲೆ ದೂರಿದ್ದರೆ ಎಂದು ಅಲ್ಲಿಲ್ಲ, ಅವನಿಗೆ ನಿನ್ನ ಮೇಲೆ ದೂರಿದ್ದರೆ ಎಂದಿದೆ. ಎಡಗಡೆಯ ಪುಟ ಮಾತ್ರ ತೆಗೆದುಕೊಂಡು ಹೋಗಿ.

ಮಧ್ಯಸ್ಥರು ಬೇಡ. ಹಬ್ಬದ ದಿನ ಬೇಡ, ಮನೆ ತುಂಬ ಜನ ಇರುತ್ತಾರೆ. ಮುಂಚೆ ಫೋನ್ ಮಾಡುವುದು ಒಳ್ಳೆಯದು. ಬರಬೇಡ ಎನ್ನುವ ಹಕ್ಕು ಅವರಿಗೆ ಇರಲಿ. ಹೇಳಬೇಕಾದದ್ದನ್ನು ಮೂರು ವಾಕ್ಯಕ್ಕೆ ಇಳಿಸಿ, ‘ಆದರೆ’ ಎಂಬ ಪದ ಅದರಲ್ಲಿ ಇರಕೂಡದು. ಹಣವೋ ವಸ್ತುವೋ ನಿಮ್ಮಲ್ಲಿ ಉಳಿದಿದ್ದರೆ ಜೊತೆಗೆ ಒಯ್ಯಿರಿ. ಲೂಕನ 19ನೆಯ ಅಧ್ಯಾಯದ ಸುಂಕದವನು ಜಕ್ಕಾಯ ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ. ಬರಿಗೈಯಲ್ಲಿ ಬಂದು ಸ್ವಸ್ಥತೆಯ ಸಾಕ್ಷಿ ಹೇಳುವವರನ್ನು ನೋಡಿದಾಗ ನನಗೆ ಅವನು ನೆನಪಾಗುತ್ತಾನೆ.

ನಾನು ಹೋದ ದಿನ ಅಣ್ಣ ಜಗಲಿಯಲ್ಲಿ ಕುಳಿತಿದ್ದ. ಪಂಕ್ತಿಯಲ್ಲಿ ಆಡಿದ ಸುಳ್ಳನ್ನು ಹೇಳಿದೆ, ತಪ್ಪಾಯಿತು ಎಂದೆ. ಅವನು ಬಹಳ ಹೊತ್ತು ಅಂಗಳ ನೋಡಿದ. ಆಮೇಲೆ ‘ಈ ಸಲ ಮೆಣಸು ಎಷ್ಟಕ್ಕೆ ಕೊಟ್ಟೆ?’ ಎಂದು ಕೇಳಿದ. ಅತ್ತಿಗೆ ಹೊರಗೆ ಬರಲಿಲ್ಲ. ಅಡವಿಟ್ಟದ್ದು ಅವರ ಸರ, ಮಾನ ಹೋದದ್ದು ಅವರದ್ದೂ. ಮೂರನೆಯ ಸಲ ಹೋದಾಗ ಕಾಫಿ ತಂದಿಟ್ಟರು. ಜಮೀನಿನ ಮಾತು ಇಂದಿಗೂ ಬಂದಿಲ್ಲ. ನಾನು ಮನ್ನಾ ಮಾಡಿದ್ದೇನೆ, ಪಹಣಿ ಇದ್ದಂತೆಯೇ ಇದೆ. ನಿಮ್ಮ ವ್ಯಾಜ್ಯ ನ್ಯಾಯಾಲಯದಲ್ಲಿದ್ದರೆ ಕ್ಷಮಿಸಿದ ಮಾತ್ರಕ್ಕೆ ಅದನ್ನು ಹಿಂತೆಗೆಯಬೇಕೆಂದೇನೂ ಇಲ್ಲ. ಹಕ್ಕು ಕೇಳುವುದು ಬೇರೆ, ಹಗೆ ಸಾಕುವುದು ಬೇರೆ.

ಈ ಹೆಜ್ಜೆ ಎಲ್ಲರಿಗೂ ಅಲ್ಲ. ಹೊಡೆಯುವ ಗಂಡನ ಮನೆಗೋ ಮೈಮೇಲೆ ಕೈಹಾಕಿದವನ ಬಾಗಿಲಿಗೋ ಯಾರೂ ಕ್ಷಮೆಯ ಹೆಸರಿನಲ್ಲಿ ಹೋಗಬೇಕಾಗಿಲ್ಲ. ಹೋಗು ಎಂದು ಒತ್ತಾಯಿಸುವ ಹಿರಿಯರು, ಅವರು ಎಷ್ಟೇ ಬೈಬಲ್ ಬಲ್ಲವರಾಗಿರಲಿ, ತಪ್ಪು ಹೇಳುತ್ತಿದ್ದಾರೆ. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. ಮನಸ್ಸಿನೊಳಗಿನ ಮನ್ನಾ ದೂರದಿಂದಲೂ ಆಗುತ್ತದೆ.

ಮೈಯ ವಿಷಯ

ಸ್ವಸ್ಥತೆ ಎಂದೊಡನೆ ಜನ ಮೊದಲು ಕೇಳುವುದು ಕಾಯಿಲೆ ವಾಸಿಯಾಯಿತೇ ಎಂದು. ನನಗೆ ನಿದ್ದೆ ಮರಳಿತು, ಸಕ್ಕರೆ ಕಾಯಿಲೆ ಹಾಗೆಯೇ ಇದೆ. ಮಾತ್ರೆ ನುಂಗುತ್ತಿದ್ದೇನೆ. ಸಂತ ಪೌಲರು ತಮ್ಮ ಶರೀರದ ಮುಳ್ಳನ್ನು ತೆಗೆಯೆಂದು ಮೂರು ಸಲ ಬೇಡಿದರೂ ಮುಳ್ಳು ಹೋಗಲಿಲ್ಲ, ನನ್ನ ಕೃಪೆ ನಿನಗೆ ಸಾಕು ಎಂಬ ಉತ್ತರ ಮಾತ್ರ ಬಂತು. ಅವರ ನಂಬಿಕೆ ಕಡಿಮೆಯಿತ್ತು ಎನ್ನಲು ಯಾರಿಗೂ ಧೈರ್ಯವಿಲ್ಲ, ಹಾಗಿರುವಾಗ ನಿಮಗೆ ಹಾಗೆ ಹೇಳುವವರ ಮಾತಿಗೆ ಕಿವಿಗೊಡಬೇಡಿ.

ಕಾಯಿಲೆಯಿದ್ದರೆ ಸಭೆಯ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿಸಿ ಪ್ರಾರ್ಥನೆ ಮಾಡಿಸಿಕೊಳ್ಳಿ, ಯಕೋಬನ ಪತ್ರ ಹೇಳುವುದೂ ಅದನ್ನೇ. ಔಷಧ ನಿಲ್ಲಿಸಬೇಡಿ. ಪ್ರಾರ್ಥನೆಗೆ ದರ ಹೇಳುವವರ ಮನೆಯಿಂದ ಎದ್ದು ಬನ್ನಿ. ಪವಿತ್ರಾತ್ಮರ ವರವನ್ನು ಹಣಕ್ಕೆ ಕೇಳಿದ ಸಿಮೋನನಿಗೆ ಯೇಸುಸ್ವಾಮಿಯ ಶಿಷ್ಯ ಪೇತ್ರರು ಏನೆಂದರೆಂದು ಪ್ರೇಷಿತರ ಕಾರ್ಯಕಲಾಪದ ಎಂಟನೆಯ ಅಧ್ಯಾಯದಲ್ಲಿ ಓದಬಹುದು, ಮೃದು ಮಾತುಗಳಲ್ಲ. ಅಪರಾಧಿ ಭಾವನೆ ವಾರಗಟ್ಟಲೆ ಊಟ ನಿದ್ದೆ ಬಿಡಿಸಿದರೆ, ಸಾಯಬೇಕೆನಿಸಿದರೆ, ಅದು ಪಶ್ಚಾತ್ತಾಪದ ಹಂತವೆಂದು ಕಾಯುತ್ತ ಕೂರಬೇಡಿ. 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ಬಂದಾಗ

ಬರುತ್ತದೆ. ಆ ರಸ್ತೆ ಪಕ್ಕದ ಜಮೀನಿನ ಮುಂದೆ ಬಸ್ಸು ಹಾದಾಗಲೆಲ್ಲ ನನ್ನ ದವಡೆ ಬಿಗಿಯುತ್ತದೆ. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಎಂದು ಪೇತ್ರರು ಕೇಳಿದರು. ಏಳೆಪ್ಪತ್ತು ಸಲ ಎಂಬ ಯೇಸುಸ್ವಾಮಿಯ ಉತ್ತರವನ್ನು ಅಷ್ಟೂ ಬೇರೆ ಬೇರೆ ತಪ್ಪುಗಳಿಗೆಂದು ನಾನು ಓದಿಕೊಂಡಿದ್ದೆ. ಒಂದೇ ತಪ್ಪನ್ನು ಅಷ್ಟು ಸಲ ಮನ್ನಾ ಮಾಡಬೇಕಾಗುತ್ತದೆ ಎಂದು ಬಸ್ಸಿನ ಕಿಟಕಿಯಲ್ಲಿ ತಿಳಿಯಿತು. ನೋಟ್‌ಬುಕ್ಕಿನ ಆ ಸಾಲಿನ ಮುಂದೆ ಗೀಟು ಹಾಕುತ್ತ ಬಂದೆ. 60 ದಾಟಿದ ಮೇಲೆ ಎಣಿಸುವುದು ಬಿಟ್ಟೆ. ಈಗ ಕೆಲವು ದಿನ ಬಸ್ಸು ಮುಂದಿನ ನಿಲ್ದಾಣಕ್ಕೆ ಬಂದ ಮೇಲೆ, ಜಮೀನು ಹಿಂದೆ ಹೋಯಿತಲ್ಲ ಎಂದು ನೆನಪಾಗುತ್ತದೆ.

ತೀರಿಕೊಂಡವರ ಬಾಬತ್ತು

ಎಡಗಡೆಯ ಪುಟದಲ್ಲಿ ಕೊನೆಗೆ ಉಳಿಯುವುದು ಇವೇ. ನನ್ನದರಲ್ಲಿ ಅಪ್ಪ ಇದ್ದರು. ಕೊನೆಯ ತಿಂಗಳಲ್ಲಿ ಅವರು ಕರೆದಾಗ ಬಟವಾಡೆಯ ನೆಪ ಹೇಳಿ ಎರಡು ಸಲ ಹೋಗಿರಲಿಲ್ಲ.

ಅಂಥವರಿಗೆ ಒಂದು ಪತ್ರ ಬರೆಯಿರಿ. ನವೆಂಬರ್ 2, ಮೃತರ ಸ್ಮರಣೆಯ ದಿನ, ಸಮಾಧಿ ಕಳೆ ಕಿತ್ತು ತೊಳೆದು, ಗುರುಗಳು ಆಶೀರ್ವದಿಸಿ ಮುಂದೆ ಹೋದ ಮೇಲೆ ಅದನ್ನು ಮೆಲ್ಲಗೆ ಓದಿ. ತೀರಿಕೊಂಡವರಿಗಾಗಿ ಪ್ರಾರ್ಥಿಸುವ ರೂಢಿ ಇಲ್ಲದ ಸಭೆಯವರು ಆ ಪತ್ರವನ್ನು ದೇವರ ಹೆಸರಿಗೇ ಬರೆಯಲಿ. ಮೇಣದಬತ್ತಿ ಒಯ್ಯುವವರಿಗೆ ಒಂದು ಸಲಹೆ. ನಮ್ಮ ಕಡೆ ಆ ಹೊತ್ತಿಗೆ ಗಾಳಿಯೂ ಇರುತ್ತದೆ, ಕೆಲವು ವರ್ಷ ಹನಿಯೂ ಇರುತ್ತದೆ, ಬತ್ತಿ ನಿಲ್ಲುವುದಿಲ್ಲ. ಅರ್ಧ ತೆಂಗಿನ ಚಿಪ್ಪು ಮರೆಗೆ ಇಟ್ಟರೆ ಮನೆಗೆ ಹೊರಡುವವರೆಗೂ ಉರಿಯುತ್ತದೆ. ಕಳೆದ ಸಲ ನಾನು ಮರೆತು ಹೋಗಿದ್ದೆ. ಅಣ್ಣ ಎರಡು ತಂದಿದ್ದ.